ಎಳನೀರು ಕುಡಿದ ಮೇಲೆ ನಿಂತ ರಕ್ತ

ನಮ್ಮ ಲ್ಯಾಬ್‌ಗೆ ಬರುವವರು ಸಾಮಾನ್ಯವಾಗಿ ಬಾಟಲಿ ಕೊಟ್ಟು ಹೋಗಿಬಿಡುತ್ತಾರೆ. ನಾನು ಅವರ ಮುಖ ನೋಡುವುದೇ ಅಪರೂಪ, ಪೆಥಾಲಜಿಸ್ಟ್‌ ಕೆಲಸವೇ ಅಂಥದ್ದು. ಆದರೆ ಕಳೆದ ಮಳೆಗಾಲದಲ್ಲಿ ಒಬ್ಬ ಯಜಮಾನರು ಮಗನ ಜೊತೆ ನೇರವಾಗಿ ನನ್ನ ಮೈಕ್ರೋಸ್ಕೋಪ್ ಪಕ್ಕಕ್ಕೇ ಬಂದು ನಿಂತರು. 62 ವರ್ಷ. ಬಹಳ ಕಾಲ ಲಾರಿ ಓಡಿಸಿದವರು. ಅಂಗಿ ಜೇಬಿನಲ್ಲಿ ಬೀಡಿ ಕಟ್ಟು.

“ಒಂದಿನ ಉಚ್ಚೆ ಕೆಂಪಗೆ ಹೋಯ್ತು ಮೇಡಂ. ನೋವಿಲ್ಲ, ಉರಿಯಿಲ್ಲ. ಉಷ್ಣ ಆಗಿರಬೇಕು ಅಂತ ಎರಡು ದಿನ ಎಳನೀರು ಕುಡಿದೆ. ನಿಂತೋಯ್ತು” ಅಂದರು. ಮಗ ಫೋನ್ ತೆಗೆದು ವಾಟ್ಸಾಪ್‌ನಲ್ಲಿ ಬಂದ ಸುದ್ದಿ ತೋರಿಸಿದ. ಒಂದು ಬಾಟಲಿ ಮೂತ್ರ ಕೊಟ್ಟರೆ ಸಾಕು, ಮೂತ್ರಕೋಶದ ಕ್ಯಾನ್ಸರ್ ಶುರುವಿನಲ್ಲೇ ಗೊತ್ತಾಗುತ್ತದೆ ಅಂತ. “ಡಾಕ್ಟ್ರು ಒಳಗೆ ಕ್ಯಾಮೆರಾ ಹಾಕಿ ನೋಡಬೇಕು ಅಂದಿದ್ದಾರೆ. ಅಪ್ಪ ಹೆದರಿದ್ದಾರೆ. ಅದರ ಬದಲು ಈ ಟೆಸ್ಟ್ ಮಾಡಿಕೊಡಿ ಮೇಡಂ.”

ಅವನು ಹೇಳಿದ್ದರಲ್ಲಿ ಬಹುಪಾಲು ನಿಜ. ನನಗೆ ಭಯವಾದದ್ದು ‘ಬದಲು’ ಅನ್ನುವ ಒಂದು ಪದಕ್ಕೆ.

ಮಗ ಕೇಳಿದಂಥ ಟೆಸ್ಟಿಗೆ ಲಿಕ್ವಿಡ್ ಬಯಾಪ್ಸಿ ಅಂತಾರೆ. ಅಂದರೆ ಗೆಡ್ಡೆಯ ಚೂರು ಕತ್ತರಿಸದೆ, ದೇಹದ ದ್ರವದಲ್ಲಿ ಅದು ಬಿಟ್ಟ ಗುರುತು ಹುಡುಕುವುದು. ಹೆಚ್ಚಿನ ಕ್ಯಾನ್ಸರ್‌ಗಳಿಗೆ ಆ ದ್ರವ ರಕ್ತ. ಮೂತ್ರಕೋಶದ ವಿಷಯ ಬೇರೆ. ಅಲ್ಲಿ ಗೆಡ್ಡೆ ಹುಟ್ಟುವುದು ಒಳಗೋಡೆಯ ಪದರದಲ್ಲಿ. ಹಗಲು ರಾತ್ರಿ ಅದು ಮೂತ್ರದಲ್ಲೇ ನೆನೆಯುತ್ತಿರುತ್ತದೆ. ಉದುರಿದ ಕೋಶ, ಒಡೆದ ಡಿಎನ್‌ಎ ಎಲ್ಲ ಅದರಲ್ಲೇ ಸೇರುತ್ತದೆ. ಆರಂಭದ ಹಂತದಲ್ಲಿ ರಕ್ತಕ್ಕೆ ಸೇರುವುದು ತೀರಾ ಕಮ್ಮಿ. ಹಾಗಾಗಿ ಶುರುವಿನಲ್ಲೇ ಹಿಡಿಯಬೇಕೆಂದರೆ ಹುಡುಕಬೇಕಾದ್ದು ಮೂತ್ರದಲ್ಲಿ.

ಈ ಯೋಚನೆ ಹೊಸದೇನಲ್ಲ. ಗರ್ಭಕಂಠದ ಪ್ಯಾಪ್ ಟೆಸ್ಟ್‌ಗೆ ಹೆಸರು ಕೊಟ್ಟ ಪಾಪನಿಕೊಲಾವ್ ಅವರೇ 1945ರಲ್ಲಿ ಮಾರ್ಷಲ್ ಎಂಬ ವೈದ್ಯರ ಜೊತೆ ಮೂತ್ರದ ಕೋಶಗಳಲ್ಲಿ ಕ್ಯಾನ್ಸರ್ ಗುರುತಿಸುವ ಬಗ್ಗೆ ಬರೆದರು. ಸೈಟಾಲಜಿ ಅಂತ ನಾವು ದಿನಾ ಮಾಡುವುದು ಅದನ್ನೇ. ಮೂತ್ರವನ್ನು ಸೆಂಟ್ರಿಫ್ಯೂಜ್‌ನಲ್ಲಿ ಗಿರಗಿರ ತಿರುಗಿಸಿದರೆ ಟ್ಯೂಬಿನ ತಳದಲ್ಲಿ ಸಾಸಿವೆ ಕಾಳಿನಷ್ಟು ಗಸಿ ಕೂರುತ್ತದೆ. ಅದನ್ನು ಸ್ಲೈಡಿಗೆ ಹಚ್ಚಿ ಬಣ್ಣ ಹಾಕುತ್ತೇವೆ. ಮೇಲ್ಪದರದ ಆರೋಗ್ಯವಂತ ಕೋಶ ಬಿಚ್ಚಿದ ಕೊಡೆಯ ಹಾಗೆ ಅಗಲವಾಗಿ, ಒಳಗೆ ಪುಟ್ಟ ಕೇಂದ್ರ ಇಟ್ಟುಕೊಂಡು ಕಾಣುತ್ತದೆ. ಉಗ್ರ ಸ್ವಭಾವದ ಕ್ಯಾನ್ಸರ್ ಕೋಶದಲ್ಲಿ ಕೇಂದ್ರವೇ ಮುಕ್ಕಾಲು ಜಾಗ ತಿಂದಿರುತ್ತದೆ, ಮಸಿ ಚೆಲ್ಲಿದಷ್ಟು ಕಪ್ಪು, ಅಂಚು ಅಂಕುಡೊಂಕು. ಅದನ್ನು ಕಂಡ ದಿನ ಮತ್ತೊಬ್ಬರನ್ನು ಕರೆದು ತೋರಿಸಿಯೇ ರಿಪೋರ್ಟ್‌ಗೆ ಸಹಿ ಹಾಕುತ್ತೇನೆ.

ಒಂದು ಮಾತು, ಬಾಟಲಿ ತರುವವರಿಗೆ. ಈ ಪರೀಕ್ಷೆಗೆ ಬೆಳಗ್ಗೆ ಎದ್ದ ಕೂಡಲೇ ಹೋದ ಮೂತ್ರ ಬೇಡ. ರಾತ್ರಿಯಿಡೀ ಅದರಲ್ಲಿ ಕೂತ ಕೋಶಗಳು ಕೊಳೆತಿರುತ್ತವೆ. ಎರಡನೇ ಸಲದ್ದು ಕೊಡಿ, ತಡ ಮಾಡದೆ ತಲುಪಿಸಿ.

ಸೈಟಾಲಜಿಯ ಕೊರತೆ ಇರುವುದು ಸೌಮ್ಯ ಸ್ವಭಾವದ ಕ್ಯಾನ್ಸರ್ ಗೆಡ್ಡೆಗಳಲ್ಲಿ. ಅವುಗಳ ಕೋಶ ನೋಡಲು ಆರೋಗ್ಯವಂತ ಕೋಶದ ಹಾಗೇ ಇರುತ್ತದೆ. ಎಷ್ಟು ಕಣ್ಣು ಕಿರಿದು ಮಾಡಿ ನೋಡಿದರೂ ಹೆಚ್ಚಿನವು ತಪ್ಪಿಸಿಕೊಳ್ಳುತ್ತವೆ. ಹೊಸ ಪರೀಕ್ಷೆಗಳು ಕೋಶದ ಮುಖ ಬಿಟ್ಟು ಡಿಎನ್‌ಎ ಓದುವುದು ಇದಕ್ಕೇ.

ಅದರಲ್ಲಿ ನನಗೆ ಬಹಳ ಮುಖ್ಯ ಅನ್ನಿಸುವುದು ಟರ್ಟ್ ಎಂಬ ಜೀನ್. ಸೀರೆ ಸೆರಗಿಗೆ ಕುಚ್ಚು ಕಟ್ಟದಿದ್ದರೆ ನೂಲು ಬಿಚ್ಚಿಕೊಳ್ಳುತ್ತದೆ, ಅಲ್ವಾ? ನಮ್ಮ ಕ್ರೋಮೋಸೋಮ್‌ಗಳ ತುದಿಯಲ್ಲೂ ಅಂಥ ಕುಚ್ಚು ಇದೆ. ಕೋಶ ಒಡೆದು ಎರಡಾದಾಗಲೆಲ್ಲ ಅದು ಚೂರು ಚೂರು ಸವೆಯುತ್ತದೆ. ಪೂರ್ತಿ ಸವೆದ ಕೋಶ ಮುಂದೆ ಒಡೆಯುವುದಿಲ್ಲ. ಟರ್ಟ್ ಜೀನ್‌ ಆ ಕುಚ್ಚನ್ನು ಮತ್ತೆ ಕಟ್ಟಬಲ್ಲದು, ಆದರೆ ದೊಡ್ಡವರ ಹೆಚ್ಚಿನ ಕೋಶಗಳಲ್ಲಿ ಅದರ ಸ್ವಿಚ್ ಆಫ್ ಆಗಿರುತ್ತದೆ. ಮೂತ್ರಕೋಶದ ಕ್ಯಾನ್ಸರ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಡೆ ಆ ಸ್ವಿಚ್ಚಿನಲ್ಲೇ ಡಿಎನ್‌ಎಯ ಒಂದು ಅಕ್ಷರ ಬದಲಾಗಿ ಸ್ವಿಚ್ ಆನ್ ಆಗಿರುತ್ತದೆ. ಆ ಬದಲಾವಣೆಯೂ ಬಹುತೇಕ ಎರಡೇ ಗೊತ್ತಾದ ಜಾಗಗಳಲ್ಲಿ. ಹುಡುಕುವವರಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು?

ಇರಾನ್‌ನ ಗೋಲೆಸ್ತಾನ್ ಪ್ರಾಂತ್ಯದಲ್ಲಿ ಸುಮಾರು 50,000 ಜನರನ್ನು ವರ್ಷಗಟ್ಟಲೆ ಗಮನಿಸಿದ ದೊಡ್ಡ ಅಧ್ಯಯನ ಇದೆ. ಅವರ ಮೂತ್ರದ ಮಾದರಿಗಳನ್ನು ಫ್ರೀಜ್ ಮಾಡಿ ಇಟ್ಟಿದ್ದರು. ಮುಂದೆ ಮೂತ್ರಕೋಶದ ಕ್ಯಾನ್ಸರ್ ಬಂದವರ ಹಳೆಯ ಮಾದರಿಗಳನ್ನು ತೆಗೆದು ನೋಡಿದಾಗ, ಹತ್ತಿರಹತ್ತಿರ ಅರ್ಧದಷ್ಟು ಜನರಲ್ಲಿ ಟರ್ಟ್ ಬದಲಾವಣೆ ಆಗಲೇ ಇತ್ತು. ಕೆಲವರಲ್ಲಿ ಕಾಯಿಲೆ ಗೊತ್ತಾಗುವ 10 ವರ್ಷ ಮೊದಲೇ. 2020ರಲ್ಲಿ ಇದು ಪ್ರಕಟವಾದಾಗ ನಾನು ಎರಡೆರಡು ಸಲ ಓದಿದೆ. ಅದಕ್ಕೂ ಮೊದಲು, 2018ರಲ್ಲಿ, ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಸಂಶೋಧಕರ ತಂಡ ಯೂರೋಸೀಕ್ ಎಂಬ ಪರೀಕ್ಷೆಯ ಫಲಿತಾಂಶ ಹೇಳಿತ್ತು. ಕ್ಯಾನ್ಸರ್ ಅನುಮಾನ ಇದ್ದವರಲ್ಲಿ, ಮುಂದೆ ಕಾಯಿಲೆ ಖಚಿತವಾದವರ ಪೈಕಿ ಶೇ. 83 ಜನರನ್ನು ಅದು ಹಿಡಿದಿತ್ತು. ಸೈಟಾಲಜಿ ಜೊತೆ ಸೇರಿಸಿದರೆ ಶೇ. 95.

ಹಾಗಾದರೆ ಎಲ್ಲರಿಗೂ ಮಾಡಿಸಿಬಿಡಬಹುದಲ್ಲ ಅಂತ ಮಗ ಕೇಳಿದ. ನಾನು ಹಾಳೆ ತೆಗೆದು ಲೆಕ್ಕ ಬರೆದೆ. ಏನೂ ತೊಂದರೆ ಇಲ್ಲದ 10,000 ಜನ ಅಂದುಕೊಳ್ಳೋಣ. ಅವರಲ್ಲಿ 10 ಜನಕ್ಕೆ ಗೊತ್ತಿಲ್ಲದ ಕ್ಯಾನ್ಸರ್. ಪರೀಕ್ಷೆ ಕ್ಯಾನ್ಸರ್ ಇದ್ದವರಲ್ಲೂ ಇಲ್ಲದವರಲ್ಲೂ ಶೇ. 90 ಸರಿ. 10ರಲ್ಲಿ 9 ಸಿಕ್ಕಿದವು, ಒಳ್ಳೆಯದೇ. ಆದರೆ ಉಳಿದ 9,990 ಜನರಲ್ಲಿ 999 ಮಂದಿಗೆ ಸುಮ್ನೆ ‘ಪಾಸಿಟಿವ್’ ಬರುತ್ತದೆ. ಕಲ್ಲು, ಸೋಂಕು ಇದ್ದರೂ ಕೆಲವು ಪರೀಕ್ಷೆಗಳು ಎಡವುತ್ತವೆ. ಆ 999 ಮಂದಿಯ ನಿದ್ದೆಗೆಟ್ಟ ರಾತ್ರಿಗಳಿಗೆ ಯಾರು ಹೊಣೆ?

ಈಗ ಕೆಂಪು ಮೂತ್ರ ಹೋದ 1,000 ಜನರನ್ನು ತೆಗೆದುಕೊಳ್ಳಿ, ಅವರಲ್ಲಿ 100 ಮಂದಿಗೆ ಕ್ಯಾನ್ಸರ್ ಇದೆ ಅನ್ನಿ. ಅದೇ ಪರೀಕ್ಷೆ 90 ಮಂದಿಯನ್ನು ಹಿಡಿಯುತ್ತದೆ. ಇಲ್ಲಿ ಅದಕ್ಕೆ ಬೆಲೆ ಇದೆ. ಆದರೆ 10 ಮಂದಿಗೆ ‘ಏನೂ ಇಲ್ಲ’ ಎಂಬ ರಿಪೋರ್ಟ್ ಕೈಗೆ ಬರುತ್ತದೆ, ಗೆಡ್ಡೆ ಒಳಗೇ ಇರುತ್ತದೆ. “ಆ 10ರಲ್ಲಿ ನಿಮ್ಮಪ್ಪ ಇಲ್ಲ ಅಂತ ನಾನು ಹೇಗೆ ಹೇಳಲಿ?” ಅಂತ ಕೇಳಿದೆ. ಅವನು ಮಾತಾಡಲಿಲ್ಲ.

ಲಕ್ಷಣ ಇಲ್ಲದವರ ಸಾಮೂಹಿಕ ತಪಾಸಣೆಗೆ ಸಾಕಷ್ಟು ಆಧಾರ ಇಲ್ಲ ಎಂದು ಅಮೆರಿಕದ ರೋಗ ತಡೆಗಟ್ಟುವಿಕೆ ಕಾರ್ಯಪಡೆ 2011ರಲ್ಲೇ ಹೇಳಿತ್ತು. ಕಣ್ಣಿಗೆ ಕಾಣದ, ಮೈಕ್ರೋಸ್ಕೋಪ್‌ನಲ್ಲಷ್ಟೇ ಸಿಗುವ ರಕ್ತಕಣ ಇದ್ದು, ಅಪಾಯ ಮಧ್ಯಮ ಮಟ್ಟದ್ದಾಗಿದ್ದರೆ, ಸಿಸ್ಟೋಸ್ಕೋಪಿ, ಅಂದರೆ ಆ ಕ್ಯಾಮೆರಾ ಪರೀಕ್ಷೆ, ಬೇಕೋ ಬೇಡವೋ ಎಂದು ತೀರ್ಮಾನಿಸಲು ಮೂತ್ರ ಪರೀಕ್ಷೆಯ ನೆರವು ಪಡೆಯಬಹುದು ಎಂದು ಅಲ್ಲಿನ ಮೂತ್ರರೋಗ ತಜ್ಞರ (ಯೂರಾಲಜಿ) ಸಂಘ 2025ರಲ್ಲಿ ಬಾಗಿಲು ತೆರೆದಿದೆ. ನನಗೆ ಇದು ಸರಿಯಾದ ಜಾಗ ಅನ್ನಿಸುತ್ತದೆ. ಕಣ್ಣಿಗೆ ಕಾಣುವ ರಕ್ತ ಹೋದವರಿಗೆ ಇದು ಅನ್ವಯಿಸುವುದಿಲ್ಲ.

ಬೀಡಿ, ಸಿಗರೇಟು ಸೇದುವವರಂತೂ ಕೇಳಿ. ಮೂತ್ರಕೋಶದ ಕ್ಯಾನ್ಸರ್‌ಗಳಲ್ಲಿ ಅರ್ಧದಷ್ಟಕ್ಕೆ ಹೊಗೆಯೇ ಕಾರಣ. ಶ್ವಾಸಕೋಶಕ್ಕೆ ಹೋದ ವಿಷ ರಕ್ತ ಸೇರಿ, ಕಿಡ್ನಿಯಲ್ಲಿ ಸೋಸಿ, ಮೂತ್ರಕೋಶದಲ್ಲಿ ಗಂಟೆಗಟ್ಟಲೆ ನಿಂತಿರುತ್ತದೆ. ಬಣ್ಣ, ರಬ್ಬರ್, ಚರ್ಮ ಹದ ಮಾಡುವ ಕೆಲಸದವರಿಗೂ ಅಪಾಯ ಜಾಸ್ತಿ. ಹೆಂಗಸರ ವಿಷಯದಲ್ಲಿ ನನಗೆ ನೋವಿದೆ. ಅವರಿಗೆ ಮೂತ್ರದಲ್ಲಿ ರಕ್ತ ಹೋದರೆ ಸೋಂಕು ಇದೆಯೇ ಎಂದು ನೋಡುವ ಕಲ್ಚರ್ ಪರೀಕ್ಷೆ ಕೂಡ ಮಾಡಿಸದೆ ಸೋಂಕು ಅಂತ ಮಾತ್ರೆ ಬರೆದುಕೊಡುತ್ತಾರೆ. ಮೂರು ಕೋರ್ಸ್ ಮುಗಿಸಿ, ಆರು ತಿಂಗಳು ಕಳೆದು ಬಂದ ಸ್ಲೈಡುಗಳನ್ನು ನೋಡಿದ್ದೇನೆ. ಆ ಆರು ತಿಂಗಳು ಅವರಿಗೆ ಸಿಗಬೇಕಿತ್ತು.

ನೋವಿಲ್ಲದೆ ಬಂದು, ತಾನಾಗೇ ನಿಲ್ಲುವುದು ಈ ಕಾಯಿಲೆಯ ರಕ್ತದ ಗುಣ. ಎಳನೀರು, ಬಾರ್ಲಿ ನೀರು ಕುಡಿಯಿರಿ, ತೊಂದರೆ ಇಲ್ಲ. ರಕ್ತ ನಿಂತಿದ್ದು ಅದರಿಂದಲೇ ಅಂದುಕೊಂಡು ಮನೆಯಲ್ಲಿ ಕೂರಬೇಡಿ.

ಯಜಮಾನರ ಮೂತ್ರವನ್ನು ಅವತ್ತೇ ನೋಡಿದೆ. ನನ್ನ ಸ್ಲೈಡಿನಲ್ಲಿ ಕ್ಯಾನ್ಸರ್ ಕೋಶ ಕಾಣಲಿಲ್ಲ. ರಿಪೋರ್ಟ್ ಕೊಡುವಾಗ ಮಗನಿಗೆ ಮತ್ತೆ ಹೇಳಿದೆ, ಕ್ಯಾಮೆರಾ ಹಾಕಿಸಿ ಅಂತ. ಜೆಲ್ ಹಚ್ಚಿ ಜಾಗ ಮರಗಟ್ಟಿಸಿ ಮಾಡುತ್ತಾರೆ, ಕೆಲವೇ ನಿಮಿಷ ಅಂತ ತಂದೆಗೂ ವಿವರಿಸಿದೆ. ಮುಂದಿನ ವಾರ ಮಾಡಿಸಿಕೊಂಡರು. ಎಡ ಗೋಡೆಯ ಮೇಲೆ ಹೂಕೋಸಿನ ಪುಟ್ಟ ಎಸಳಿನಂಥ ಬೆಳವಣಿಗೆ ಇತ್ತು. ಅದನ್ನು ಕೆರೆದು ತೆಗೆದ ಚೂರುಗಳು ನನ್ನ ಮೇಜಿಗೇ ಬಂದವು. ಸೌಮ್ಯ ಸ್ವಭಾವದ ಕ್ಯಾನ್ಸರ್, ಸ್ನಾಯುವಿಗೆ ಇಳಿದಿರಲಿಲ್ಲ.

ಈ ಕ್ಯಾನ್ಸರ್ ಮರುಕಳಿಸುವುದು ಸಾಮಾನ್ಯ, ಹಾಗಾಗಿ ಅವರು ಮತ್ತೆ ಮತ್ತೆ ತಪಾಸಣೆಗೆ ಬರಬೇಕು. ಮೊನ್ನೆ ಬಾಟಲಿ ಹಿಡಿದು ಬಂದಿದ್ದರು. ಅಂಗಿ ಜೇಬಿನಲ್ಲಿ ಬೀಡಿ ಕಟ್ಟು ಇರಲಿಲ್ಲ. “ಕ್ಯಾಮೆರಾದ್ದು ಬುಧವಾರ ಇದೆ ಮೇಡಂ” ಅಂತ ಅವರೇ ಹೇಳಿದರು.