ಆರೋಪಿಗಳು ಎರಡು ತಿಂಗಳೊಳಗೆ ಸಿಕ್ಕರು, ಕೇಸು ನಿಲ್ಲಲಿಲ್ಲ: ಬ್ಯಾಂಕಾಕ್ ವಕೀಲ ಸೊಮ್‌ಚಾಯ್ ನಾಪತ್ತೆ ಪ್ರಕರಣದ ಹಿನ್ನೆಲೆ

ವಕೀಲರೊಬ್ಬರು ಕಾಣೆಯಾದ ಪ್ರಕರಣಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ದೂರು, ಆರೋಪಿಯ ಸುಳಿವೇ ಸಿಗಲಿಲ್ಲ ಎಂಬುದು. ಥಾಯ್ಲೆಂಡಿನ ಸೊಮ್‌ಚಾಯ್ ನೀಲಪೈಜಿತ್ ಪ್ರಕರಣದಲ್ಲಿ ಆ ದೂರಿಗೆ ಜಾಗವಿಲ್ಲ. 2004ರ ಮಾರ್ಚ್ 12ರ ರಾತ್ರಿ ಅವರನ್ನು ಎತ್ತಿಕೊಂಡು ಹೋದರು. ಏಪ್ರಿಲ್ ಎರಡನೇ ವಾರದ ಹೊತ್ತಿಗೆ ನಾಲ್ವರು ಪೊಲೀಸರ ಮೇಲೆ ವಾರಂಟ್ ಹೊರಟಿತ್ತು, ತಿಂಗಳು ಮುಗಿಯುವಷ್ಟರಲ್ಲಿ ಐದನೆಯವನೂ ಸಿಕ್ಕಿಬಿದ್ದಿದ್ದ. ಕಣ್ಣಾರೆ ಕಂಡವರಿದ್ದರು, ಫೋನ್ ದಾಖಲೆ ಇತ್ತು, ಕಾರಣವೂ ಎದ್ದು ಕಾಣುತ್ತಿತ್ತು. ಆದರೂ 2015ರ ಡಿಸೆಂಬರ್ 29ರಂದು ಥಾಯ್ ಸುಪ್ರೀಂ ಕೋರ್ಟ್ ಐವರನ್ನೂ ಬಿಟ್ಟಿತು. ಆಗಲೂ ಶವ ಸಿಕ್ಕಿರಲಿಲ್ಲ, ಇಂದಿಗೂ ಸಿಕ್ಕಿಲ್ಲ.

ಸೊಮ್‌ಚಾಯ್ ಮುಸ್ಲಿಂ ವಕೀಲರ ಸಂಘದ ಅಧ್ಯಕ್ಷರು, ಥಾಯ್ ವಕೀಲರ ಪರಿಷತ್ತಿನ ಮಾನವ ಹಕ್ಕುಗಳ ಸಮಿತಿಯ ಉಪಾಧ್ಯಕ್ಷರು. ಬಹುಪಾಲು ಬೌದ್ಧರಿರುವ ದೇಶದ ದಕ್ಷಿಣ ತುದಿಯಲ್ಲಿ, ಮಲೇಷ್ಯಾ ಗಡಿಗೆ ಹತ್ತಿಕೊಂಡಂತೆ, ಮಲಯ್ ಮುಸ್ಲಿಮರು ಹೆಚ್ಚಿರುವ ಪಟ್ಟಾನಿ, ಯಾಲಾ, ನರಾಥಿವಾತ್ ಪ್ರಾಂತ್ಯಗಳಿವೆ. 2004ರ ಜನವರಿ 4ರಂದು ನರಾಥಿವಾತ್‌ನ ಸೇನಾ ಶಿಬಿರಕ್ಕೆ ನುಗ್ಗಿದ ಬಂದೂಕುಧಾರಿಗಳು ನಾಲ್ವರು ಸೈನಿಕರನ್ನು ಕೊಂದು ಸುಮಾರು 400 ಬಂದೂಕು ಹೊತ್ತೊಯ್ದರು. ಮರುದಿನವೇ ಅಲ್ಲಿ ಸೇನಾ ಕಾನೂನು ಜಾರಿಯಾಯಿತು. ಅದನ್ನು ತೆಗೆಯಬೇಕೆಂದು 50,000 ಸಹಿ ಸಂಗ್ರಹಿಸಲು ಸೊಮ್‌ಚಾಯ್ ಓಡಾಡುತ್ತಿದ್ದರು. ಜೊತೆಗೆ, ದಾಳಿಯ ಆರೋಪದಲ್ಲಿ ಹಿಡಿದಿದ್ದ ಐವರ ವಕಾಲತ್ತೂ ಅವರದೇ. ಪೊಲೀಸರು ಹೊಡೆದರು, ಕರೆಂಟ್ ಶಾಕ್ ಕೊಟ್ಟರು, ಮೈಮೇಲೆ ಮೂತ್ರ ಮಾಡಿದರು ಎಂದು ಆ ಐವರು ಹೇಳಿದ್ದನ್ನು ಬರೆದು ಮಾರ್ಚ್ 11ರಂದು ಸರಕಾರಿ ಸಂಸ್ಥೆಗಳಿಗೆ ದೂರು ಕಳಿಸಿದರು. ಮಾರನೇ ದಿನ ಅವರೇ ಇರಲಿಲ್ಲ.

ರಾತ್ರಿ ಸುಮಾರು 8.30. ಬ್ಯಾಂಕಾಕ್‌ನ ರಾಮ್‌ಖಮ್‌ಹೇಂಗ್ ರಸ್ತೆಯ ಹೋಟೆಲೊಂದರಿಂದ ತಮ್ಮ ಹೋಂಡಾ ಸಿವಿಕ್ ಕಾರಿನಲ್ಲಿ ಹೊರಟರು. ಹಿಂದಿನಿಂದ ಬಂದ ಕಾರು ಇವರ ಕಾರಿಗೆ ತಾಗಿಸಿತು. ಏನಾಯಿತೆಂದು ನೋಡಲು ಇಳಿದವರನ್ನು ಹಲವರು ಸೇರಿ ಎಳೆದು ಇನ್ನೊಂದು ಕಾರಿಗೆ ತುರುಕಿದರು. ರಸ್ತೆ ಬದಿಯ ಜನ ಕೂಗಾಟ ಕೇಳಿಸಿಕೊಂಡರು. ಸಿವಿಕ್ ಅನ್ನು ಒಬ್ಬ ಓಡಿಸಿಕೊಂಡು ಹೋದ. ಮಾರ್ಚ್ 16ರಂದು ಅದು ಮೊ ಚಿತ್ ಬಸ್ ನಿಲ್ದಾಣದ ಹತ್ತಿರ ಸಿಕ್ಕಿತು. ದೂರದೂರಿಗೆ ಬಸ್ಸು ಹೊರಡುವ ಜಾಗ ಅದು. ತಾವಾಗಿಯೇ ಊರು ಬಿಟ್ಟರು ಎನ್ನಿಸಲು ಇದಕ್ಕಿಂತ ಒಳ್ಳೆಯ ಪಾರ್ಕಿಂಗ್ ಸಿಗದು. ಹೆಂಡತಿಯ ಜೊತೆ ಜಗಳವಾಡಿ ಹೋಗಿರಬೇಕು ಎಂಬ ಮಾತು ಸರಕಾರದ ಮೇಲ್ಮಟ್ಟದಿಂದಲೇ ತೇಲಿಬಂದಿತ್ತು.

ಬಂಧನ ಬೇಗ ಆಯಿತು ಎಂದೆವು. ತೊಡಕು ಆರೋಪಪಟ್ಟಿಯಲ್ಲೇ ಶುರುವಾಗುತ್ತದೆ. ಶವವಿಲ್ಲದ ಕಾರಣ ಕೊಲೆಯ ಆರೋಪ ಹೊರಿಸಲಿಲ್ಲ. ಒತ್ತಾಯಪಡಿಸುವುದಕ್ಕೆ ಸಂಬಂಧಿಸಿದ ಥಾಯ್ ದಂಡ ಸಂಹಿತೆಯ 309ನೇ ಕಲಂ, ಗುಂಪು ದರೋಡೆಯ 340ನೇ ಕಲಂ, ಇವೇ ಮುಖ್ಯ ಆಧಾರವಾದವು. ಕಾರು, ಕೈಗಡಿಯಾರ, ಪೆನ್ನು, ಮೊಬೈಲ್ ಕಳುವಾಗಿದ್ದರಿಂದ ದರೋಡೆ. ಜನರನ್ನು ಕಣ್ಮರೆ ಮಾಡುವುದಕ್ಕೆಂದೇ ಒಂದು ಕಲಂ ಆಗ ಥಾಯ್ ಕಾನೂನಿನಲ್ಲಿ ಇರಲಿಲ್ಲ. ಹೀಗಾಗಿ ಇಡೀ ದೇಶ ಮಾತಾಡುತ್ತಿದ್ದ ಪ್ರಕರಣ ನ್ಯಾಯಾಲಯದ ಒಳಗೆ ಬರುವಾಗ ಒಂದು ಪೆನ್ನು, ಒಂದು ವಾಚಿನ ದರೋಡೆಯಾಗಿ ಬಂತು. ವಿಚಾರಣೆ 2005ರ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ನಡೆಯಿತು. ಆರೋಪಿ ಪೊಲೀಸರು ಜಾಮೀನಿನ ಮೇಲೆ ಹೊರಗಿದ್ದರು.

ಕತ್ತಲಲ್ಲಿ ಕಂಡ ಮುಖವನ್ನು ಒಂದೂವರೆ ವರ್ಷದ ನಂತರ ಪೊಲೀಸ್ ಅಧಿಕಾರಿಯ ಎದುರು ನಿಂತು ಗುರುತಿಸುವುದು ಸಾಕ್ಷಿಗಳಿಗೆ ಸುಲಭದ ಕೆಲಸವಲ್ಲ, ಹಲವರು ಗುರುತಿಸಲಿಲ್ಲ. ಹಾಗಾಗಿ ಫೋನ್ ದಾಖಲೆಯೇ ಪ್ರಾಸಿಕ್ಯೂಷನ್‌ನ ಬೆನ್ನೆಲುಬು. ಐವರು ಆರೋಪಿಗಳೂ ಆ ದಿನ ಒಬ್ಬರಿಗೊಬ್ಬರು ಎಂದಿಗಿಂತ ಬಹಳ ಹೆಚ್ಚು ಕರೆ ಮಾಡಿದ್ದರು, ಸೊಮ್‌ಚಾಯ್ ಹೋದ ಕಡೆಯ ಟವರ್‌ಗಳಲ್ಲೇ ಅವರ ಫೋನ್‌ಗಳೂ ಕಾಣಿಸಿದ್ದವು ಎಂಬುದು ವಾದ. ಆದರೆ ಕೋರ್ಟಿಗೆ ಬಂದದ್ದು ಜೆರಾಕ್ಸ್ ಪ್ರತಿ. ಥಾಯ್ ದಂಡ ಪ್ರಕ್ರಿಯಾ ಸಂಹಿತೆಯ 238ನೇ ಕಲಂ ಪ್ರಕಾರ ದಾಖಲೆಯೆಂದರೆ ಮೂಲ ಪ್ರತಿ. ಅದು ಸಿಗದಿದ್ದರೆ ಮಾತ್ರ ದೃಢೀಕೃತ ನಕಲು ಅಥವಾ ಬಲ್ಲವರ ಬಾಯಿಮಾತಿನ ಸಾಕ್ಷ್ಯ. ಕಂಪನಿಯವರ ಸರಿಯಾದ ದೃಢೀಕರಣವಿಲ್ಲದ ಹಾಳೆಗಳನ್ನು ನ್ಯಾಯಾಲಯ ನಂಬಲಿಲ್ಲ. ದಾಖಲೆ ಸುಳ್ಳೆಂದು ಯಾರೂ ಸಾಬೀತು ಮಾಡಬೇಕಾಗಿ ಬರಲೇ ಇಲ್ಲ.

ಇಲ್ಲಿ ಸ್ವಲ್ಪ ನಿಲ್ಲೋಣ, ಏಕೆಂದರೆ ನಮ್ಮ ಕೋರ್ಟುಗಳಲ್ಲೂ ಕೇಸು ಬೀಳುವುದು ಇದೇ ಜಾಗದಲ್ಲಿ. ಕಾಲ್ ಡೀಟೇಲ್ ರೆಕಾರ್ಡ್, ಅಂದರೆ ಸಿಡಿಆರ್, ಮಾತಿನ ಧ್ವನಿಮುದ್ರಣವಲ್ಲ. ಕರೆ ಮಾಡಿದ ನಂಬರ್, ಸ್ವೀಕರಿಸಿದ ನಂಬರ್, ದಿನ, ಹೊತ್ತು, ಎಷ್ಟು ಸೆಕೆಂಡು, ಹ್ಯಾಂಡ್‌ಸೆಟ್‌ನ ಗುರುತು ಸಂಖ್ಯೆ ಐಎಂಇಐ, ಸಿಮ್‌ನ ಗುರುತು ಸಂಖ್ಯೆ ಐಎಂಎಸ್‌ಐ, ಕರೆ ಶುರುವಾದಾಗಿನ ಮತ್ತು ಮುಗಿದಾಗಿನ ಸೆಲ್ ಐಡಿ (ಟವರ್‌ನ ಸೆಕ್ಟರ್ ಸಂಖ್ಯೆ), ಇಷ್ಟು ಕಾಲಂಗಳ ಪಟ್ಟಿ. ಬರೀ ಸೆಲ್ ಐಡಿ ಸಂಖ್ಯೆಯಿಂದ ಜಾಗ ತಿಳಿಯದು. ಆ ದಿನಾಂಕಕ್ಕೆ ಆ ಸಂಖ್ಯೆ ಯಾವ ವಿಳಾಸದ ಟವರ್‌ನದು, ಆಂಟೆನಾ ಯಾವ ದಿಕ್ಕಿಗೆ ಮುಖ ಮಾಡಿತ್ತು ಎಂಬ ಚಾರ್ಟ್ ಬೇರೆಯಾಗಿ ಕೇಳಬೇಕು. ಒಂದು ಟವರ್‌ನಲ್ಲಿ ಸಾಮಾನ್ಯವಾಗಿ ಮೂರು ಸೆಕ್ಟರ್, ಒಂದೊಂದೂ ಸುಮಾರು 120 ಡಿಗ್ರಿ. ನಗರದಲ್ಲಿ ಒಂದು ಸೆಕ್ಟರ್ ಕೆಲವು ನೂರು ಮೀಟರ್ ಆವರಿಸಿದರೆ ಹಳ್ಳಿಯ ಕಡೆ ಹಲವು ಕಿಲೋಮೀಟರ್. ದಟ್ಟಣೆ ಹೆಚ್ಚಾದಾಗ ಫೋನ್ ಹತ್ತಿರದ ಟವರ್ ಬಿಟ್ಟು ಪಕ್ಕದ್ದನ್ನು ಹಿಡಿಯುವುದುಂಟು. ಆದ್ದರಿಂದ ಒಂದೇ ಒಂದು ಕರೆ ಹಿಡಿದುಕೊಂಡು ಆರೋಪಿ ಅಲ್ಲಿದ್ದ ಎಂದರೆ ಎದುರು ವಕೀಲರು ಐದು ನಿಮಿಷದಲ್ಲಿ ಉರುಳಿಸುತ್ತಾರೆ. ಎರಡು ಫೋನ್‌ಗಳು ಗಂಟೆಗಟ್ಟಲೆ ಒಂದರ ಹಿಂದೆ ಒಂದು ಅದೇ ಟವರ್ ಸಾಲನ್ನು ದಾಟಿದ್ದು ತೋರಿಸಿದರೆ ಅದಕ್ಕೆ ತೂಕ ಬರುತ್ತದೆ. ಹಿಂದಿನ ಕೆಲವು ವಾರಗಳ ಸಿಡಿಆರ್ ಸಹ ತರಿಸಬೇಕು. ಅದಿಲ್ಲದೆ ಆ ದಿನದ ಕರೆಗಳು ಅಸಹಜ ಎಂದು ಹೇಳಲು ಅಳತೆಗೋಲೇ ಇರುವುದಿಲ್ಲ.

ಭಾರತದಲ್ಲಿ ಇಂಥ ಕಂಪ್ಯೂಟರ್ ದಾಖಲೆಗೆ ಅದರ ಸಾಚಾತನದ ಪ್ರಮಾಣಪತ್ರ ಕಡ್ಡಾಯ. ನಮ್ಮ ಸುಪ್ರೀಂ ಕೋರ್ಟಿನ 2014ರ ಅನ್ವರ್ ತೀರ್ಪು, 2020ರ ಅರ್ಜುನ್ ಪಂಡಿತ್‌ರಾವ್ ಖೋಟ್ಕರ್ ತೀರ್ಪು ಅದನ್ನು ಗಟ್ಟಿ ಮಾಡಿದವು. ಇದನ್ನು ಹೇಳುವ ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಕಲಂ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಆಗಿದೆ. ಪ್ರಮಾಣಪತ್ರಕ್ಕೆ ಈಗ ಎರಡು ಭಾಗ: ಒಂದನ್ನು ದಾಖಲೆ ಹಾಜರುಪಡಿಸುವವರು, ಇನ್ನೊಂದನ್ನು ತಜ್ಞರು ತುಂಬಬೇಕು, ಫೈಲು ಬದಲಾಗಿಲ್ಲವೆಂದು ತೋರಿಸುವ ಸಂಕೇತ, ಅಂದರೆ ಹ್ಯಾಶ್ ಮೌಲ್ಯವನ್ನೂ ಬರೆಯಬೇಕು. ತನಿಖಾಧಿಕಾರಿಗೆ ಇಮೇಲ್‌ನಲ್ಲಿ ಬಂದ ಎಕ್ಸೆಲ್ ಫೈಲನ್ನು ಠಾಣೆಯಲ್ಲಿ ಪ್ರಿಂಟ್ ತೆಗೆದು ಮೊಹರು ಒತ್ತಿದರೆ ಸಾಲದು. ನಮ್ಮಲ್ಲಿ ಕಂಪನಿಗಳು ಸಿಡಿಆರ್ ಅನ್ನು ಕನಿಷ್ಠ ಎರಡು ವರ್ಷ ಇಟ್ಟುಕೊಳ್ಳಬೇಕೆಂಬ ನಿಯಮ 2021ರ ಡಿಸೆಂಬರ್‌ನಲ್ಲಿ ಬಂತು. ಆದರೆ ಸಿಸಿಟಿವಿ ಅಷ್ಟು ದಿನ ಕಾಯುವುದಿಲ್ಲ. ಅಂಗಡಿ, ಅಪಾರ್ಟ್‌ಮೆಂಟ್‌ಗಳ ರೆಕಾರ್ಡರ್‌ಗಳು ಎಷ್ಟೋ ಕಡೆ 15ರಿಂದ 30 ದಿನಕ್ಕೆ ಹಳೆಯದರ ಮೇಲೆ ಹೊಸದನ್ನು ಬರೆದುಬಿಡುತ್ತವೆ. ಕಾಣೆಯಾದವರ ಮನೆಯವರು ಮೊದಲ ದೂರಿನಲ್ಲೇ ಫೋನ್ ನಂಬರ್, ಐಎಂಇಐ, ವಾಹನ ಸಂಖ್ಯೆ ಬರೆದು, ಇಂತಿಂಥ ಕಡೆಯ ದೃಶ್ಯಾವಳಿ ಅಳಿಸದಂತೆ ನೋಡಿಕೊಳ್ಳಿ ಎಂದು ಲಿಖಿತವಾಗಿ ಕೇಳಿ ಸ್ವೀಕೃತಿ ಪಡೆಯಬೇಕು. ಪೊಲೀಸರ ವಶದಲ್ಲೇ ಇದ್ದಾರೆಂಬ ಅನುಮಾನವಿದ್ದರೆ ಅವರನ್ನು ಕೋರ್ಟಿನೆದುರು ಹಾಜರುಪಡಿಸಿ ಎಂದು ಕೋರುವ ಹೇಬಿಯಸ್ ಕಾರ್ಪಸ್ ಅರ್ಜಿಯನ್ನು ಹೈಕೋರ್ಟಿನಲ್ಲಿ ಹಾಕಲು ಎಫ್‌ಐಆರ್‌ಗಾಗಿ ಕಾಯಬೇಕಿಲ್ಲ.

ಬ್ಯಾಂಕಾಕ್‌ಗೆ ಮರಳೋಣ. 2006ರ ಜನವರಿ 12ರಂದು ಕ್ರಿಮಿನಲ್ ಕೋರ್ಟ್ ನಾಲ್ವರನ್ನು ಬಿಟ್ಟು, ಸಾಕ್ಷಿಯೊಬ್ಬರು ಗುರುತಿಸಿದ್ದ ಪೊಲೀಸ್ ಮೇಜರ್‌ಗೆ ಮಾತ್ರ ಒತ್ತಾಯದ ಅಪರಾಧಕ್ಕೆ 3 ವರ್ಷ ಶಿಕ್ಷೆ ವಿಧಿಸಿತು. ಮಾರನೇ ದಿನ ಪ್ರಧಾನಿ ಥಕ್ಸಿನ್ ಶಿನವಾತ್ರ, ಸೊಮ್‌ಚಾಯ್ ಸತ್ತಿದ್ದಾರೆ, ಇದರಲ್ಲಿ ನಾಲ್ವರಿಗಿಂತ ಹೆಚ್ಚು ಸರಕಾರಿ ಅಧಿಕಾರಿಗಳಿದ್ದಾರೆ ಎಂಬರ್ಥದ ಮಾತಾಡಿದರು. ಪ್ರಧಾನಿಗೆ ಗೊತ್ತಿದ್ದ ಸಾವು ನ್ಯಾಯಾಲಯದ ಕಡತಕ್ಕೆ ಮಾತ್ರ ಬರಲೇ ಇಲ್ಲ.

ಆ ಸಾವು ಕಡತದಲ್ಲಿ ಇಲ್ಲದ್ದೇ ಮುಂದೆ ಕುಟುಂಬಕ್ಕೆ ತಿರುಗಿಬಿತ್ತು. ಥಾಯ್ ಪದ್ಧತಿಯಲ್ಲಿ ನೊಂದ ವ್ಯಕ್ತಿ ಪ್ರಾಸಿಕ್ಯೂಟರ್ ಜೊತೆ ಸಹ ಫಿರ್ಯಾದಿಯಾಗಬಹುದು. ಹೆಂಡತಿ, ಮಕ್ಕಳು ಅವರ ಪರವಾಗಿ ನಿಲ್ಲಬೇಕಾದರೆ ದಂಡ ಪ್ರಕ್ರಿಯಾ ಸಂಹಿತೆಯ 5ನೇ ಕಲಂ ಪ್ರಕಾರ ನೊಂದವರು ಅಪರಾಧದಿಂದ ಸತ್ತಿರಬೇಕು, ಇಲ್ಲವೇ ತಾವೇ ಏನೂ ಮಾಡಲಾಗದಷ್ಟು ಗಾಯಗೊಂಡಿರಬೇಕು. ಕೆಳಗಿನ ಕೋರ್ಟ್ ಪತ್ನಿ ಅಂಗ್ಖಾನಾ ಮತ್ತು ಮಕ್ಕಳನ್ನು ಒಪ್ಪಿಕೊಂಡಿತ್ತು. 2011ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಾಲಯ, ಸೊಮ್‌ಚಾಯ್ ಸತ್ತಿದ್ದಕ್ಕಾಗಲೀ ಗಾಯಗೊಂಡಿದ್ದಕ್ಕಾಗಲೀ ಪುರಾವೆ ಇಲ್ಲ, ಆದ್ದರಿಂದ ಇವರು ಫಿರ್ಯಾದಿಗಳಲ್ಲ ಎಂದಿತು. ಮೇಜರ್‌ನನ್ನೂ ಬಿಡುಗಡೆ ಮಾಡಿತು. 2015ರಲ್ಲಿ ಸುಪ್ರೀಂ ಕೋರ್ಟ್ ಎರಡನ್ನೂ ಎತ್ತಿಹಿಡಿಯಿತು. ಶವ ಬಚ್ಚಿಟ್ಟಷ್ಟೂ ಅಪರಾಧಿಗೆ ಕಾನೂನೇ ರಕ್ಷಣೆ ಕೊಡುತ್ತದೆ ಎಂಬ ಸ್ಥಿತಿ ಇದು, ಬೇರೆ ಯಾವ ಹೆಸರಿನಿಂದ ಕರೆದರೂ ಅಷ್ಟೇ.

ಆ ತೀರ್ಪು ಕೇಳಲು ಮೇಜರ್ ಇರಲಿಲ್ಲ. ಜಾಮೀನಿನ ಮೇಲಿದ್ದ ಆತ 2008ರ ಸೆಪ್ಟೆಂಬರ್‌ನಲ್ಲಿ ಮಣ್ಣು ಕುಸಿದು ಕೊಚ್ಚಿಹೋದ ಎಂದು ಮನೆಯವರು ಹೇಳಿದರು. ಆ ದೇಹವೂ ಸಿಗಲಿಲ್ಲ. 2005ರಿಂದ ತನಿಖೆ ನಡೆಸುತ್ತಿದ್ದ ವಿಶೇಷ ತನಿಖಾ ಇಲಾಖೆ, ಶವವನ್ನು ಎಣ್ಣೆ ಡ್ರಮ್‌ನಲ್ಲಿ ಸುಟ್ಟಿರಬಹುದೆಂಬ ಶಂಕೆಯಿಂದ ಮೇ ಕ್ಲಾಂಗ್ ನದಿಯಲ್ಲಿ ಹುಡುಕಿಸಿತು. ಎಣ್ಣೆ ಡ್ರಮ್‌ಗಳು ಸಿಕ್ಕವು, ಸೊಮ್‌ಚಾಯ್ ಗುರುತು ಸಿಗಲಿಲ್ಲ. 2013ರ ಕೊನೆಗೆ ಪ್ರತಿಭಟನಾಕಾರರು ಕಚೇರಿಗೆ ನುಗ್ಗಿದಾಗ ಕಡತವೇ ಕಳೆದಿದೆ ಎಂದ ಇಲಾಖೆ, ಆಮೇಲೆ ಸಿಕ್ಕಿತು ಎಂದಿತು. 2016ರಲ್ಲಿ ತಪ್ಪಿತಸ್ಥರು ಪತ್ತೆಯಾಗಿಲ್ಲವೆಂದು ತನಿಖೆ ಮುಚ್ಚಿತು.

ಡ್ರಮ್ ಹುಡುಕಿದ್ದಕ್ಕೆ ಅರ್ಥವಿತ್ತು ಎಂಬುದು ಬೇರೊಂದು ಪ್ರಕರಣದಲ್ಲಿ ತಿಳಿಯಿತು. 2014ರ ಏಪ್ರಿಲ್‌ನಲ್ಲಿ ಕೇಂಗ್ ಕ್ರಚಾನ್ ರಾಷ್ಟ್ರೀಯ ಉದ್ಯಾನದಲ್ಲಿ ಕಾಣೆಯಾದ, ಕರೆನ್ ಎಂಬ ಬುಡಕಟ್ಟು ಸಮುದಾಯದ ಹೋರಾಟಗಾರ ಬಿಲ್ಲಿ ಅವರದೆನ್ನಲಾದ ಮೂಳೆ ಚೂರು 2019ರಲ್ಲಿ ಅಲ್ಲಿನ ಜಲಾಶಯದ ತಳದಲ್ಲಿ, 200 ಲೀಟರ್ ಎಣ್ಣೆ ಡ್ರಮ್‌ನ ಜೊತೆ ಸಿಕ್ಕಿತು. ಸುಟ್ಟ ಮೂಳೆಯಿಂದ ದೊರೆತದ್ದು ಮೈಟೊಕಾಂಡ್ರಿಯಾದ ಡಿಎನ್‌ಎ, ಬಿಲ್ಲಿಯ ತಾಯಿಯದಕ್ಕೆ ಹೊಂದಿತು. ಕೊಲೆ ಆರೋಪ ದಾಖಲಾಯಿತು. ಆದರೆ ಈ ಬಗೆಯ ಡಿಎನ್‌ಎ ತಾಯಿಯ ಕಡೆಯ ಎಲ್ಲರಲ್ಲೂ ಒಂದೇ. ಇದು ಬಿಲ್ಲಿಯದೇ ಎಂದು ಹೇಳಲಾಗದು ಎಂದು 2023ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯ ಕೊಲೆ ಆರೋಪ ಕೈಬಿಟ್ಟು, ಕರ್ತವ್ಯಲೋಪಕ್ಕೆ ಮಾತ್ರ ಒಬ್ಬ ಅಧಿಕಾರಿಗೆ 3 ವರ್ಷ ಕೊಟ್ಟಿತು.

ನಮ್ಮಲ್ಲಿ ಶವವಿಲ್ಲದೆಯೂ ಕೊಲೆ ಶಿಕ್ಷೆ ಸಾಧ್ಯ. 1981ರ ರಾಮಾನಂದ್, 1991ರ ಸೇವಕ ಪೆರುಮಾಳ್ ತೀರ್ಪುಗಳು ಅದನ್ನು ಹೇಳಿವೆ. ಅಪಹರಿಸಿದ್ದು ಸಾಬೀತಾದರೆ ಆಮೇಲೇನಾಯಿತು ಎಂದು ಅಪಹರಿಸಿದವರೇ ವಿವರಿಸಬೇಕೆಂದು 2000ದ ಮೀರ್ ಮೊಹಮ್ಮದ್ ಒಮರ್ ತೀರ್ಪು ನಿಲುವು ತಳೆಯಿತು. ಥಾಯ್ ನ್ಯಾಯಾಲಯದಲ್ಲಿ ಸೊಮ್‌ಚಾಯ್ ಕುಟುಂಬಕ್ಕೆ ಸಿಗದಿದ್ದದ್ದು ಇಂಥ ಆಸರೆ. ಹಾಗೆಂದು ಬೀಗಬೇಕಿಲ್ಲ. 1987ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಬಂದಿದ್ದ ಕೇರಳದ ವಕೀಲ ರಶೀದ್ ಅವರ ಶವ ಸೇಲಂ ಕಡೆಯ ರೈಲು ಹಳಿಯ ಬಳಿ ಸಿಕ್ಕಿತು. ಕರ್ನಾಟಕದ ಅಂದಿನ ಗೃಹ ಸಚಿವರು ರಾಜೀನಾಮೆ ಕೊಟ್ಟರು, ಸಿಬಿಐ ಬಂತು. ಶ್ರೀನಗರದ ವಕೀಲ ಜಲೀಲ್ ಅಂದ್ರಾಬಿ 1996ರ ಮಾರ್ಚ್ 8ರಂದು ಅಪಹರಣವಾಗಿ, 27ರಂದು ಝೇಲಂ ನದಿಯಲ್ಲಿ ಹೆಣವಾಗಿ ಸಿಕ್ಕರು. ಆರೋಪಿ ಸೇನಾ ಮೇಜರ್ ದೇಶ ಬಿಟ್ಟು, 2012ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತನ್ನ ಕುಟುಂಬದವರನ್ನು ಕೊಂದು ಸತ್ತ. ಬಲವಂತದ ಕಣ್ಮರೆ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 2007ರಲ್ಲೇ ಸಹಿ ಹಾಕಿದೆ, ಅನುಮೋದಿಸಿಲ್ಲ.

ಥಾಯ್ಲೆಂಡಿನಲ್ಲಿ ಕಾನೂನು ಬದಲಾಯಿತು, ಅದರ ಹಿಂದೆ ಅಂಗ್ಖಾನಾ ಅವರ ವರ್ಷಗಳ ಓಡಾಟವಿದೆ. 2019ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಚಿತ್ರಹಿಂಸೆ ಮತ್ತು ಬಲವಂತದ ಕಣ್ಮರೆ ತಡೆ ಕಾಯ್ದೆ 2023ರ ಫೆಬ್ರುವರಿ 22ರಂದು ಜಾರಿಗೆ ಬಂತು. ಜನರನ್ನು ಕಣ್ಮರೆ ಮಾಡುವುದೇ ಈಗ ಸ್ವತಂತ್ರ ಅಪರಾಧ, 5ರಿಂದ 15 ವರ್ಷ ಶಿಕ್ಷೆ. ನೊಂದವರ ವ್ಯಾಖ್ಯೆಯಲ್ಲೇ ಗಂಡ, ಹೆಂಡತಿ, ಹೆತ್ತವರು, ಮಕ್ಕಳು ಸೇರಿದ್ದಾರೆ, ಸಾವು ತೋರಿಸಬೇಕಿಲ್ಲ. 22ನೇ ಕಲಂ ಪ್ರಕಾರ ಬಂಧಿಸಿದ ಕ್ಷಣದಿಂದ ತನಿಖಾಧಿಕಾರಿಗೆ ಒಪ್ಪಿಸುವವರೆಗೆ ಎಡೆಬಿಡದೆ ವಿಡಿಯೊ ಮಾಡಬೇಕು, ಪ್ರಾಸಿಕ್ಯೂಟರ್‌ಗೂ ಜಿಲ್ಲಾಡಳಿತಕ್ಕೂ ತಕ್ಷಣ ತಿಳಿಸಬೇಕು. ಜಾರಿಯ ಹೊತ್ತಿಗೆ ಸರಕಾರ, ಪೊಲೀಸರ ಬಳಿ ಸಾಕಷ್ಟು ಕ್ಯಾಮೆರಾ ಇಲ್ಲ, ತರಬೇತಿ ಆಗಿಲ್ಲ ಎಂದು 22ರಿಂದ 25ರವರೆಗಿನ ಕಲಂಗಳನ್ನು ಅಕ್ಟೋಬರ್‌ಗೆ ಮುಂದೂಡಿ ಸುಗ್ರೀವಾಜ್ಞೆ ತಂದಿತು. ಮೇ 18ರಂದು ಸಂವಿಧಾನ ನ್ಯಾಯಾಲಯ ಎಂಟಕ್ಕೆ ಒಂದು ಮತದಿಂದ ಅದನ್ನು ರದ್ದು ಮಾಡಿತು.