ಪಿತ್ತನಾಳದ ಕಲ್ಲು: ಸ್ಟೆಂಟ್ ಹಾಕಿದ ಮೇಲೂ ಕೆಲಸ ಬಾಕಿ

ಕಾಮಾಲೆ ಅಂದ ಕೂಡಲೇ ನಮ್ಮಲ್ಲಿ ಮೊದಲು ಹುಡುಕುವುದು ನಾಟಿ ಔಷಧ. ವೈರಸ್‌ನಿಂದ ಬಂದ ಕಾಮಾಲೆ ಬಹುಪಾಲು ತಾನಾಗಿಯೇ ಇಳಿಯುತ್ತದೆ, ಹೆಸರು ಮಾತ್ರ ಔಷಧಕ್ಕೆ. ಪಿತ್ತಕೋಶದ ಕಲ್ಲು ಜಾರಿ, ಪಿತ್ತವನ್ನು ಕರುಳಿಗೆ ಒಯ್ಯುವ ನಾಳದಲ್ಲಿ ಸಿಕ್ಕಿಕೊಂಡಾಗ ಹಾಗೆ ಕಾಯುವುದು ಅಪಾಯ. ಮೂತ್ರ ಕಡುಹಳದಿ, ಮಲ ಬಿಳಿಚು, ಮೈಯೆಲ್ಲ ತುರಿಕೆ: ನಾಳ ಕಟ್ಟಿರುವ ಗುರುತುಗಳಿವು. ಜೊತೆಗೆ ನಡುಕದ ಚಳಿಜ್ವರ ಬಂದರೆ ನಿಂತ ಪಿತ್ತಕ್ಕೆ ಸೋಂಕು ತಗುಲಿದೆ ಎಂದರ್ಥ, ಅಂದೇ ದಾಖಲಾಗಬೇಕು.

ಅಲ್ಟ್ರಾಸೌಂಡ್‌ನಲ್ಲಿ ಪಿತ್ತಕೋಶದ ಕಲ್ಲು ಚೆನ್ನಾಗಿ ಕಾಣುತ್ತದೆ. ನಾಳದ ಕೆಳತುದಿ ಮಾತ್ರ ಕರುಳಿನ ಗಾಳಿಯ ಹಿಂದೆ ಮರೆಯಾಗಿರುತ್ತದೆ. ಹಾಗಾಗಿ ನಾಳದಲ್ಲಿ ಕಲ್ಲು ಕಂಡಿಲ್ಲ ಎಂಬ ವರದಿಯನ್ನೇ ನಂಬಿ ಕೂರುವಂತಿಲ್ಲ. ನಾಳದ ಅಗಲ 6 ಮಿ.ಮೀ. ದಾಟಿ, ರಕ್ತದಲ್ಲಿ ಬಿಲಿರುಬಿನ್ (ಕಾಮಾಲೆಯ ಹಳದಿ ಬಣ್ಣದ ವಸ್ತು) ಏರಿದ್ದರೆ ಎಂಆರ್‌ಸಿಪಿ, ಅಂದರೆ ಪಿತ್ತನಾಳಗಳನ್ನು ತೋರಿಸುವ ಎಂಆರ್‌ಐ ಸ್ಕ್ಯಾನ್, ಮಾಡಿಸುತ್ತೇವೆ. ವಯಸ್ಸಾದವರಲ್ಲಿ ನೋವೇ ಇಲ್ಲದೆ ಕಾಮಾಲೆ ಬಂದರೆ ಮೇದೋಜ್ಜೀರಕ ಗ್ರಂಥಿಯ ಗಡ್ಡೆಯನ್ನೂ ಹುಡುಕಬೇಕು.

ಕಲ್ಲು ತೆಗೆಯುವುದು ಇಆರ್‌ಸಿಪಿಯಲ್ಲಿ. ಬಾಯಿಂದ ಎಂಡೋಸ್ಕೋಪ್ ಇಳಿಸಿ, ನಾಳ ಕರುಳಿಗೆ ತೆರೆಯುವ ಬಾಯಿಯನ್ನು ತುಸು ಕೊಯ್ದು, ಬಲೂನಿನಿಂದ ಕಲ್ಲನ್ನು ಕೆಳಗೆಳೆಯುತ್ತಾರೆ. ಅದಕ್ಕೂ ಮೊದಲು ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಆಗಬೇಕು: ಪಿತ್ತ ಕರುಳಿಗೆ ಇಳಿಯದಿದ್ದರೆ ವಿಟಮಿನ್ ಕೆ ಹೀರಿಕೆಯಾಗುವುದಿಲ್ಲ, ಕೊಯ್ದಲ್ಲಿ ರಕ್ತ ನಿಲ್ಲುವುದಿಲ್ಲ. ಇಆರ್‌ಸಿಪಿ ನಂತರ ಕೆಲವರಿಗೆ ಮೇದೋಜ್ಜೀರಕದ ಉರಿಯೂತ ಬರುತ್ತದೆ. ಅದನ್ನು ತಗ್ಗಿಸಲು ಗುದದ್ವಾರದಲ್ಲಿ 100 ಮಿ.ಗ್ರಾಂ. ಡೈಕ್ಲೋಫಿನಾಕ್ ಇಡುವುದುಂಟು. ಆ ರಾತ್ರಿ ಹೊಟ್ಟೆಯ ಮೇಲ್ಭಾಗದ ನೋವು ಬೆನ್ನಿಗೆ ಹರಿದರೆ ಗ್ಯಾಸ್ ಎಂದು ಸುಮ್ಮನಿರಬೇಡಿ, ನರ್ಸ್‌ಗೆ ಹೇಳಿ.

ಕಾಮಾಲೆ ಇಳಿದ ಮೇಲೆ ಜನ ಮಾಯವಾಗುತ್ತಾರೆ, ನಮ್ಮ ತಲೆನೋವು ಇರುವುದೇ ಇಲ್ಲಿ. ಕಲ್ಲು ಹುಟ್ಟುವ ಪಿತ್ತಕೋಶ ಒಳಗೇ ಇದೆಯಲ್ಲ! ಅದನ್ನು ಅದೇ ದಾಖಲಾತಿಯಲ್ಲಿ, ಇಲ್ಲವೇ ಎರಡು ವಾರದೊಳಗೆ ಲ್ಯಾಪರೊಸ್ಕೋಪಿಯಲ್ಲಿ ತೆಗೆಸುವುದು ಒಳ್ಳೆಯದು. ತಡವಾಗಿ ಮತ್ತೆ ಮತ್ತೆ ಉರಿಯೂತವಾದರೆ ಪಿತ್ತಕೋಶದ ಕುತ್ತಿಗೆ ಮುಖ್ಯ ನಾಳಕ್ಕೆ ಅಂಟಿಕೊಳ್ಳುತ್ತದೆ; ಯಾವುದು ಯಾವುದೆಂದು ತಿಳಿಯದೆ ಕತ್ತರಿಸಿದರೆ ಮುಖ್ಯ ನಾಳಕ್ಕೇ ಪೆಟ್ಟು. ಪಿತ್ತಕೋಶಕ್ಕೆ ಸೇರುವ ಒಂದು ನಾಳ, ಒಂದು ರಕ್ತನಾಳ, ಇವೆರಡೇ ಸ್ಪಷ್ಟವಾಗಿ ಕಾಣುವವರೆಗೆ ಕ್ಲಿಪ್ ಹಾಕಬಾರದು. ಕಾಣದಿದ್ದರೆ ಪಿತ್ತಕೋಶದ ಸ್ವಲ್ಪ ಭಾಗ ಬಿಟ್ಟು ಉಳಿದದ್ದನ್ನು ತೆಗೆಯುವುದೋ, ಹೊಟ್ಟೆ ತೆರೆಯುವುದೋ ಜಾಣತನ. ಮನೆಯವರು ಇದನ್ನು ಆಪರೇಷನ್ ಕೆಟ್ಟಿತು ಎಂದುಕೊಳ್ಳುತ್ತಾರೆ, ಹಾಗಲ್ಲ.

ಇನ್ನು ಸ್ಟೆಂಟ್: ಪಿತ್ತ ಹರಿಯಲೆಂದು ಇಆರ್‌ಸಿಪಿ ವೇಳೆ ಕೆಲವರ ನಾಳದಲ್ಲಿ ಇಡುವ ಸಣ್ಣ ಕೊಳವೆ. ಪ್ಲಾಸ್ಟಿಕ್ ಸ್ಟೆಂಟನ್ನು ಸುಮಾರು ಮೂರು ತಿಂಗಳೊಳಗೆ ತೆಗೆಯಬೇಕು ಅಥವಾ ಬದಲಿಸಬೇಕು. ಬಿಟ್ಟರೆ ಒಳಗೆ ಕೆಸರು ಕಟ್ಟಿ, ಸುತ್ತ ಹೊಸ ಕಲ್ಲು ಬೆಳೆದು, ಚಳಿಜ್ವರದೊಂದಿಗೆ ಕಾಮಾಲೆ ಮರಳುತ್ತದೆ. ಡಿಸ್ಚಾರ್ಜ್ ಚೀಟಿಯಲ್ಲಿ ಸ್ಟೆಂಟ್ ಯಾವುದು, ಯಾವಾಗ ಹಾಕಿದ್ದು, ಯಾವಾಗ ತೆಗೆಯಬೇಕು ಎಂಬ ಮೂರನ್ನೂ ಬರೆಸಿಕೊಂಡೇ ಮನೆಗೆ ಹೊರಡಿ.