ಅವರೆಕಾಯಿಯೊಂದನ್ನೇ ದೂರಬೇಡಿ

ಕೋಲಾರದ ಮಾರುಕಟ್ಟೆಗೆ ಸೊಗಡವರೆ ಬಂತೆಂದರೆ ನನ್ನ ಕ್ಲಿನಿಕ್ಕಿಗೆ ಹೊಟ್ಟೆ ಹಿಡಿದುಕೊಂಡು ಬರುವವರೂ ಜಾಸ್ತಿ. ಅವರೆಯಲ್ಲಿರುವ ಕೆಲವು ಸಕ್ಕರೆಗಳನ್ನು ನಮ್ಮ ಸಣ್ಣಕರುಳು ಅರಗಿಸಲಾರದು. ಅವು ದೊಡ್ಡಕರುಳಿಗೆ ಇಳಿದು, ಅಲ್ಲಿನ ಬ್ಯಾಕ್ಟೀರಿಯಾ ಹುಳಿಸಿ, ಗಾಳಿ ತುಂಬುತ್ತದೆ. ಇದು ನನಗೂ ಆಗುತ್ತದೆ, ನಿಮಗೂ ಆಗುತ್ತದೆ. ಐಬಿಎಸ್ (ಇರಿಟಬಲ್ ಬೊವೆಲ್ ಸಿಂಡ್ರೋಮ್, ಅಂದರೆ ಪದೇ ಪದೇ ಹೊಟ್ಟೆನೋವಿನ ಜೊತೆ ಭೇದಿಯೋ ಮಲಬದ್ಧತೆಯೋ ಕಾಡುವ ಕರುಳಿನ ತೊಂದರೆ) ಇರುವವರಿಗೆ ಮಾತ್ರ ಅಷ್ಟೇ ಗಾಳಿಯೂ ಹೊಟ್ಟೆ ನುಲಿತವಾಗುತ್ತದೆ, ಏಕೆಂದರೆ ಅವರ ಕರುಳಿನ ನರಗಳು ಅತಿ ಚುರುಕು. ಅದು ಭ್ರಮೆಯಲ್ಲ, ನಿಜವಾದ ನೋವು.

ಬಂಗಾರಪೇಟೆಯಿಂದ ದಿನಾ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗುವ ಹುಡುಗನೊಬ್ಬ ಬಂದಿದ್ದ. ಅವರೆ, ಹಾಲು, ಬದನೆಕಾಯಿ, ಕೊನೆಗೆ ಮುದ್ದೆಯನ್ನೂ ಬಿಟ್ಟಿದ್ದ. "ಭಾನುವಾರ ಹಿತಕಿದ ಬೇಳೆ ಸಾರು ತಿಂದಾಗ ಹೇಗಿರ್ತಿತ್ತಪ್ಪಾ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಭಾನುವಾರ ಏನೂ ಆಗ್ತಿರಲಿಲ್ಲ ಸಾರ್."

ಉಳಿದ ದಿನ ಐದು ಗಂಟೆ ನಿದ್ದೆ, ಖಾಲಿ ಹೊಟ್ಟೆಗೆ ಎರಡು ಲೋಟ ಟೀ, ಕಾಲಿಡಲು ಜಾಗವಿಲ್ಲದ ಬೋಗಿಯಲ್ಲಿ 'ಈಗ ಬಂದರೆ ಏನು ಗತಿ' ಎಂಬ ಭಯ. ಮಿದುಳಿಗೂ ಕರುಳಿಗೂ ಸದಾ ಮಾತುಕತೆ ನಡೆದಿರುತ್ತದೆ. ಆತಂಕ ಕರುಳಿನ ಓಟವನ್ನೇ ಬದಲಿಸಬಲ್ಲದು. ಇನ್ನೂ ಕೆದಕಿದಾಗ, ಎರಡು ವರ್ಷದ ಹಿಂದೆ ಒಂದು ವಾರ ಜೋರು ಭೇದಿಯಾಗಿತ್ತು, ಆಮೇಲೇ ಇದೆಲ್ಲ ಶುರುವಾಗಿದ್ದು ಎಂದ. ಕರುಳಿನ ಸೋಂಕಾದವರಲ್ಲಿ ಸುಮಾರು ಹತ್ತಕ್ಕೊಬ್ಬರಿಗೆ ಹೀಗೆ ಐಬಿಎಸ್ ಉಳಿದುಕೊಳ್ಳುತ್ತದೆ. 2000ರಲ್ಲಿ ಕೆನಡಾದ ವಾಕರ್ಟನ್ ಪಟ್ಟಣದಲ್ಲಿ ಕುಡಿಯುವ ನೀರು ಕೆಟ್ಟಾಗ ಹಾಸಿಗೆ ಹಿಡಿದವರಲ್ಲಿ ಎಷ್ಟೋ ಜನ ವರ್ಷಗಟ್ಟಲೆ ಇದನ್ನು ಅನುಭವಿಸಿದರು.

ಮುದ್ದೆ ಬಿಡುವವರನ್ನು ಕಂಡರೆ ನನಗೆ ಸಂಕಟ. ಸಾಮಾನ್ಯವಾಗಿ ಕೆಣಕುವುದು ರಾಗಿಯಲ್ಲ, ಸಾರಿಗೆ ರುಬ್ಬಿ ಹಾಕಿದ ಈರುಳ್ಳಿ, ಬೆಳ್ಳುಳ್ಳಿ. ಹಾಲು ಒಗ್ಗದವರಿಗೂ ಮೊಸರು ಎಷ್ಟೋ ಸಲ ಒಗ್ಗುತ್ತದೆ. ಒಣಕಾಳನ್ನು ರಾತ್ರಿ ನೆನೆಸಿ, ಆ ನೀರು ಚೆಲ್ಲಿ ಬೇಯಿಸಿದರೆ ಕಾಟ ಕಡಿಮೆ. ಅನುಮಾನದ ಪದಾರ್ಥಗಳನ್ನು ಎರಡರಿಂದ ಆರು ವಾರ ನಿಲ್ಲಿಸಿ, ಆಮೇಲೆ ಒಂದೊಂದನ್ನೇ ಸ್ವಲ್ಪಸ್ವಲ್ಪ ತಿಂದು ನೋಡಬೇಕು. ನಿಲ್ಲಿಸುವುದನ್ನು ಎಲ್ಲರೂ ಮಾಡುತ್ತಾರೆ, ಮತ್ತೆ ಶುರು ಮಾಡುವುದನ್ನೇ ಮರೆಯುತ್ತಾರೆ. ಏನು ತಿಂದಿರಿ ಎಂದಷ್ಟೇ ಅಲ್ಲ, ಎಷ್ಟು ಹೊತ್ತು ಮಲಗಿದಿರಿ, ಅಂದು ಮನಸ್ಸು ಹೇಗಿತ್ತು ಎಂದೂ ಬರೆದಿಡಿ. ಆ ಹುಡುಗ ಬರೆದು ತಂದ ಪುಸ್ತಕದಲ್ಲಿ ಅವರೆಗಿಂತ ಹೆಚ್ಚು ಸಲ ಕಂಡದ್ದು ನಿದ್ದೆಗೆಟ್ಟ ರಾತ್ರಿಗಳು.

ಆದರೆ ಮಲದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ ಇದ್ದರೆ, ಅಥವಾ ಐವತ್ತು ದಾಟಿದ ಮೇಲೆ ಹೊಸದಾಗಿ ತೊಂದರೆ ಶುರುವಾದರೆ, ಪುಸ್ತಕ ಬರೆಯುತ್ತ ಕೂರಬೇಡಿ. ಮೊದಲು ಬಂದು ತಪಾಸಣೆ ಮಾಡಿಸಿಕೊಳ್ಳಿ.